ರಥಬೀದಿಯನ್ನು ಹೊಲಿಯಲು ಹೋದವನ ರಿವ್ಯೂ: ಹ್ಯೂಗಿನ್ ಮತ್ತು 6,400 ರೂಪಾಯಿಯ ಪನೋರಮಾ ಹೆಡ್

ಮೊದಲೇ ಹೇಳಿಬಿಡುತ್ತೇನೆ. ಹ್ಯೂಗಿನ್‌ಗೆ ಐದಕ್ಕೆ ನಾಲ್ಕೂವರೆ. ಪನೋರಮಾ ಹೆಡ್‌ಗೆ ಐದಕ್ಕೆ ಮೂರು, ಅದರಲ್ಲೂ ಒಂದು ಕೃಪಾಂಕ. ಹ್ಯೂಗಿನ್ ಅಂದರೆ ಅಕ್ಕಪಕ್ಕದ ಹಲವು ಫೋಟೋಗಳನ್ನು ಹೊಲಿದು ಒಂದೇ ಅಗಲದ ಫೋಟೋ, ಅಂದರೆ ಪನೋರಮಾ, ಮಾಡುವ ಪುಕ್ಕಟೆ ಸಾಫ್ಟ್‌ವೇರ್. ಹೆಡ್ ಅಂದರೆ ಅದಕ್ಕೆ ಫೋಟೋ ತೆಗೆಯುವಾಗ ಟ್ರೈಪಾಡ್ ಮೇಲೆ ಕ್ಯಾಮೆರಾ ಹಿಡಿದು ತಿರುಗಿಸುವ ಸಲಕರಣೆ, ಕೊಟ್ಟದ್ದು 6,400 ರೂಪಾಯಿ. ಆದರೆ ಕೆಲಸ ಉಳಿಸಿದ್ದು ಹೆಡ್ಡೇ. ಯಾಕೆ ಅಂತ ಹೇಳಲು ಸ್ವಲ್ಪ ಹಿಂದೆ ಹೋಗಬೇಕು.

ನನ್ನ ಗೆಳೆಯನೊಬ್ಬ ಕುಂಜಿಬೆಟ್ಟಿನಲ್ಲಿ ಸಣ್ಣ ಹೋಟೆಲ್ ಶುರು ಮಾಡಿದ. ಉಡುಪಿಯಲ್ಲಿ ಇನ್ನೊಂದು ಹೋಟೆಲಾ ಅಂತ ಕೇಳಬೇಡಿ, ನಾನೂ ಕೇಳಿದ್ದೆ, ಉತ್ತರ ಸಿಗಲಿಲ್ಲ. ಅವನಿಗೆ ಒಳಗಿನ ಗೋಡೆಗೆ ಉಡುಪಿ ರಥಬೀದಿಯ ಫೋಟೋ ಬೇಕಿತ್ತು, 10 ಅಡಿ ಅಗಲ, 3 ಅಡಿ ಎತ್ತರ. ಡ್ರೋನ್ ಫೋಟೋ ಬೇಡ ಅಂದ. "ಬೀದಿಯಲ್ಲಿ ನಿಂತವನು ಕತ್ತು ತಿರುಗಿಸಿದರೆ ಹೇಗೆ ಕಾಣುತ್ತದೋ ಹಾಗೇ ಬರಬೇಕು ಮಾರಾಯ." ನಾನು ಆಯ್ತು ಅಂದೆ. ಮೊಬೈಲಿನಲ್ಲಿ ಪನೋರಮಾ ಬಟನ್ ಇದೆಯಲ್ಲ, ಅದೆಂತ ದೊಡ್ಡ ವಿಷಯ ಅಂದುಕೊಂಡಿದ್ದೆ.

ಮೊಬೈಲಿನಲ್ಲಿ ತೆಗೆದದ್ದು ವಾಟ್ಸಾಪಿನಲ್ಲಿ ಚಂದ ಕಂಡಿತು. ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡಿದರೆ ದೀಪದ ಕಂಬ ಸೊಂಟದಲ್ಲಿ ಮುರಿದಿತ್ತು. ಬ್ಯಾರಿಕೇಡಿನ ಸರಳುಗಳು ಮೆಟ್ಟಿಲು ಮೆಟ್ಟಿಲಾಗಿದ್ದವು. ಒಬ್ಬ ಅಜ್ಜನಿಗೆ ತಲೆ ಇತ್ತು, ಕುತ್ತಿಗೆ ಇರಲಿಲ್ಲ. ಸರಿ, ಕ್ಯಾಮೆರಾ ತೆಗೆದುಕೊಂಡು ಹೋಗಿ ಕೈಯಲ್ಲೇ ಹಿಡಿದು, ನಿಂತಲ್ಲೇ ತಿರುಗಿ, ಒಂಬತ್ತು ಫೋಟೋ ತೆಗೆದೆ. ಅದನ್ನು ಹ್ಯೂಗಿನ್‌ಗೆ ಹಾಕಿದಾಗಲೂ ಅದೇ ಕಥೆ. ದೂರದ ಗೋಪುರ ನೀಟಾಗಿ ಕೂತಿದೆ, ಹತ್ತಿರದ ಕಂಬ ಎರಡಾಗಿದೆ. ಎರಡು ದಿನ ಸಾಫ್ಟ್‌ವೇರನ್ನೇ ಬೈದೆ. ತಪ್ಪು ಅದರದ್ದಲ್ಲ, ನನ್ನದು.

ಮುಖದೆದುರು ಒಂದು ಬೆರಳು ಹಿಡಿಯಿರಿ. ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ. ಬೆರಳು ಹಿಂದಿನ ಗೋಡೆಯ ಮೇಲೆ ಜಿಗಿಯುತ್ತದೆ ಅಲ್ವಾ? ಕ್ಯಾಮೆರಾಗೂ ಹಾಗೇ ಆಗುತ್ತದೆ. ಟ್ರೈಪಾಡ್ ಸ್ಕ್ರೂ ಇರುವುದು ಕ್ಯಾಮೆರಾದ ಹೊಟ್ಟೆಯ ಕೆಳಗೆ. ಆದರೆ ಬೆಳಕು ಒಳಗೆ ಹೋಗುವ ಕಣ್ಣು, ಅಂದರೆ ಎದುರಿನಿಂದ ನೋಡಿದಾಗ ಲೆನ್ಸಿನೊಳಗೆ ಕಾಣುವ ಆ ತೂತು, ಅದಕ್ಕಿಂತ ಮುಂದೆ ಎಲ್ಲೋ ಇರುತ್ತದೆ. ಎಂಟು ಸೆಂಟಿಮೀಟರ್ ಮುಂದೆ ಅಂತ ಇಟ್ಟುಕೊಳ್ಳಿ. ಸ್ಕ್ರೂ ಮೇಲೆ ತಿರುಗಿಸಿದರೆ ಒಂದೊಂದು 30 ಡಿಗ್ರಿಗೆ ಆ ಕಣ್ಣು ನಾಲ್ಕು ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ನನ್ನದು 24 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್ ಕ್ಯಾಮೆರಾ, 18 ಎಂಎಂನಲ್ಲಿ ಇಟ್ಟ ಕಿಟ್ ಲೆನ್ಸ್. ಲೆಕ್ಕ ಹಾಕಿ ನೋಡಿದೆ. ಎರಡು ಮೀಟರ್ ದೂರದ ಕಂಬ ಹಿನ್ನೆಲೆಯ ಮೇಲೆ ಸುಮಾರು 95 ಪಿಕ್ಸೆಲ್ ಸರಿಯುತ್ತದೆ. ಇನ್ನೂರು ಮೀಟರ್ ದೂರದ ತೆಂಗಿನ ಮರ ಸರಿಯುವುದು ಒಂದೇ ಒಂದು ಪಿಕ್ಸೆಲ್.

ಇದು ತಲೆಗೆ ಹೋದ ಮೇಲೆ ಉಳಿದದ್ದೆಲ್ಲ ಸುಲಭ. ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ನಿಂತು ಕೆಳಗಿನ ಸ್ವರ್ಣಾ ನದಿ ತೆಗೆಯುತ್ತೀರಾ, ಎಲ್ಲವೂ ದೂರ ಇದೆ, ಹೆಡ್ ಬೇಡ, ಟ್ರೈಪಾಡೂ ಬೇಡ. ಕೈಯಲ್ಲಿ ಹಿಡಿದು ತಿರುಗಿದರೂ ಸಾಕು. ರಥಬೀದಿ ಹಾಗಲ್ಲ. ಅಲ್ಲಿ ಕಾಲ ಬುಡದಲ್ಲೇ ಬ್ಯಾರಿಕೇಡ್ ಇರುತ್ತದೆ, ಪಕ್ಕದಲ್ಲಿ ಹೂವಿನ ಅಂಗಡಿ, ನಡುವೆ ಅನಂತೇಶ್ವರ, ಚಂದ್ರಮೌಳೇಶ್ವರ, ಸುತ್ತ ಅಷ್ಟಮಠಗಳು, ಬಟ್ಟೆ ಹೊದ್ದು ನಿಂತ ರಥ. ಹತ್ತಿರದ್ದೂ ದೂರದ್ದೂ ಒಂದೇ ಚೌಕಟ್ಟಿನಲ್ಲಿ. ಅಲ್ಲಿ ಹೆಡ್ ಇಲ್ಲದೆ ಹೋದರೆ ಯಾವ ದರ್ಜಿಯೂ ಹೊಲಿಯಲಾರ.

ಹಾಗೆ ಹೆಡ್ ತರಿಸಿದೆ. ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿ, ಆ ಕಣ್ಣು ತಿರುಗುವ ಜಾಗದ ನೇರ ಮೇಲೆ ಬರುವ ಹಾಗೆ ಹಿಡಿಯುವುದೇ ಅದರ ಕೆಲಸ. ಆನ್‌ಲೈನ್‌ನಲ್ಲಿ, ಹೆಸರೇ ಇಲ್ಲದ ಮಾಲು. ಡಬ್ಬಿ ತೆಗೆದಾಗ ಗ್ರೀಸ್ ವಾಸನೆ ಇಡೀ ಚಾವಡಿಗೆ ಹರಡಿ, ಅಮ್ಮ "ಸೈಕಲ್ ತಂದೆಯಾ" ಅಂತ ಕೇಳಿದರು. ಎಲ್ ಆಕಾರದ ಎರಡು ತೋಳು, ಎರಡರ ಮೇಲೂ ಮಿಲಿಮೀಟರ್ ಗೆರೆ, ಕೆಳಗೆ ಟಕ್ ಟಕ್ ಅಂತ ನಿಲ್ಲುವ ತಿರುಗಣೆ. ಕ್ಯಾಮೆರಾ ಉದ್ದಕ್ಕೆ ನಿಲ್ಲುತ್ತದೆ. ಕೇಳಲು ಚಂದ. ಮೇಲಿನ ತೋಳಿನ ಸ್ಕ್ರೂ ಎಷ್ಟು ಬಿಗಿ ಮಾಡಿದರೂ ಹತ್ತು ನಿಮಿಷಕ್ಕೆ ಸಡಿಲ. ಕ್ಯಾಮೆರಾ ಮೆಲ್ಲ ತಲೆ ಬಗ್ಗಿಸಿ ನಿದ್ದೆ ಹೋಗುತ್ತದೆ. ಮಾರಿದವರಿಗೆ ಮೂರು ಸಲ ಮೆಸೇಜ್ ಮಾಡಿದೆ. ಎರಡು ಸಲ ಉತ್ತರ ಇಲ್ಲ, ಮೂರನೇ ಸಲ "ರೇಟಿಂಗ್ ಕೊಡಿ" ಅಂತ ಬಂತು. ಕೊನೆಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಐದು ರೂಪಾಯಿಗೆ ಒಂದು ನೈಲಾನ್ ವಾಷರ್ ತಂದು ಹಾಕಿದೆ. ಈಗ ಗಟ್ಟಿ. 6,400ರ ಮಾಲಿಗೆ ಐದು ರೂಪಾಯಿಯ ವಾಷರ್ ಹಾಕಿ ಕಳಿಸಲು ಏನು ಕಷ್ಟವೋ! ಇನ್ನೊಂದು, ನಮ್ಮ ಕರಾವಳಿಯ ಉಪ್ಪು ಗಾಳಿ. ಮಲ್ಪೆಗೆ ಎರಡು ಸಲ ಹೋಗಿ ಬಂದ ಮೇಲೆ ಸ್ಕ್ರೂ ತಲೆಗಳಲ್ಲಿ ಕೆಂಪು ಹಿಡಿಯಲು ಶುರುವಾಯಿತು. ಮನೆಗೆ ಬಂದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಒಂದು ತೊಟ್ಟು ಮೆಷಿನ್ ಎಣ್ಣೆ. ಬೇರೆ ಉಪಾಯ ಇಲ್ಲ.

ಲೆನ್ಸಿನ ಆ ಕಣ್ಣನ್ನು ತಿರುಗಣೆಯ ಮೇಲೆ ಸರಿಯಾಗಿ ಕೂರಿಸುವುದು ಒಂದು ಸಂಜೆಯ ಕೆಲಸ. ಅಂಗಳದಲ್ಲಿ ಟ್ರೈಪಾಡ್ ಇಟ್ಟೆ. ಒಂದೂವರೆ ಮೀಟರ್ ದೂರದಲ್ಲಿ ಬಟ್ಟೆ ಒಣಗಿಸುವ ಕಂಬ, ಅದರ ನೇರ ಹಿಂದೆ ದೂರದಲ್ಲಿ ಮೊಬೈಲ್ ಟವರ್. ಮೊದಲು ಕ್ಯಾಮೆರಾ ಎದುರಿಗೆ ನೋಡುವಾಗ ಲೆನ್ಸ್ ತಿರುಗಣೆಯ ನಡುವಿಗೆ ಬರುವ ಹಾಗೆ ಕೆಳಗಿನ ತೋಳು ಸರಿ ಮಾಡಿಕೊಳ್ಳಬೇಕು. ಆಮೇಲೆ ಕ್ಯಾಮೆರಾ ತಿರುಗಿಸಿ ಕಂಬವನ್ನು ಚೌಕಟ್ಟಿನ ಎಡ ಅಂಚಿಗೆ ತನ್ನಿ, ಆಮೇಲೆ ಬಲ ಅಂಚಿಗೆ. ಎರಡು ಕಡೆಯೂ ಟವರ್ ಕಂಬದ ಹಿಂದೆಯೇ ಅಡಗಿದ್ದರೆ ಸರಿ. ಇಣುಕಿದರೆ ಮೇಲಿನ ತೋಳನ್ನು ಒಂದೊಂದು ಮಿಲಿಮೀಟರ್ ಹಿಂದೆ ಮುಂದೆ ಮಾಡುತ್ತಾ ಹೋಗಬೇಕು. ನನ್ನದು ಸ್ಕೇಲಿನಲ್ಲಿ 92ಕ್ಕೆ ಕೂತಿತು. ಅಲ್ಲಿ ಉಗುರು ಬಣ್ಣದಲ್ಲಿ ಒಂದು ಗೆರೆ ಎಳೆದಿಟ್ಟಿದ್ದೇನೆ. ಜೂಮ್ ತಿರುಗಿಸಿದರೆ ಈ ಜಾಗವೂ ಬದಲಾಗುತ್ತದೆ, ಹಾಗಾಗಿ ಲೆನ್ಸಿನ ಜೂಮ್ ಬಳೆಗೆ 18ರಲ್ಲಿ ಟೇಪ್ ಸುತ್ತಿಬಿಟ್ಟೆ.

ಏಪ್ರಿಲ್‌ನ ಒಂದು ಬೆಳಿಗ್ಗೆ ಏಳು ಗಂಟೆಗೆ ರಥಬೀದಿಯಲ್ಲಿ ಟ್ರೈಪಾಡ್ ಬಿಡಿಸಿದೆ. ಐದು ನಿಮಿಷಕ್ಕೆ ಒಬ್ಬರು ಬಂದು "ಎಂತ, ಸರ್ವೆಯಾ?" ಅಂತ ಕೇಳಿದರು. ಅಲ್ಲ, ಫೋಟೋ ಅಂದೆ. ನಂಬಲಿಲ್ಲ. "ರೋಡ್ ಅಗಲ ಮಾಡ್ತಾರಾ?" ಹೆದ್ದಾರಿ 66ರ ಕೆಲಸ ನೋಡಿದ ಮೇಲೆ ಈ ಊರಲ್ಲಿ ಮೂರು ಕಾಲಿನ ಯಾವ ವಸ್ತು ಕಂಡರೂ ಜನರಿಗೆ ಜಾಗ ಹೋಗುವ ಹೆದರಿಕೆ. ಕ್ಯಾಮೆರಾ ಸ್ಕ್ರೀನ್ ತೋರಿಸಿದ ಮೇಲೆ ಅವರೇ ನಿಂತು, ಬಂದವರನ್ನೆಲ್ಲ "ಸ್ವಲ್ಪ ಆಚೆ ಹೋಗಿ, ಫೋಟೋ ತೆಗೀತಿದ್ದಾರೆ" ಅಂತ ಕಳಿಸಿದರು.

ತೆಗೆಯುವಾಗ ಎಲ್ಲವನ್ನೂ ಮ್ಯಾನ್ಯುಯಲ್‌ಗೆ ಹಾಕಬೇಕು, ಇದರಲ್ಲಿ ರಾಜಿ ಬೇಡ. ಆಟೋದಲ್ಲಿ ಬಿಟ್ಟರೆ ಪೂರ್ವದ ಆಕಾಶ ಬಂದಾಗ ಕ್ಯಾಮೆರಾ ಹೆದರಿ ಕತ್ತಲು ಮಾಡುತ್ತದೆ, ಪಶ್ಚಿಮಕ್ಕೆ ತಿರುಗಿದಾಗ ಬೆಳಕು ಮಾಡುತ್ತದೆ, ಹೊಲಿದಾಗ ಆಕಾಶ ಪಟ್ಟೆ ಲುಂಗಿಯ ಹಾಗೆ ಬರುತ್ತದೆ. ಬೀದಿಯ ನಡುವಿನ ಬೆಳಕಿಗೆ ಒಮ್ಮೆ ನೋಡಿ, ಅಪರ್ಚರ್ ಎಫ್ 8, ವೈಟ್ ಬ್ಯಾಲೆನ್ಸ್ ಬಿಸಿಲಿಗೆ, ಫೋಕಸ್ ಒಮ್ಮೆ ಹಿಡಿದು ಲಾಕ್. ಪೋಲರೈಸರ್ ಫಿಲ್ಟರ್ ಇದ್ದರೆ ಕಳಚಿಡಿ. ಸೂರ್ಯನಿಂದ ಎಷ್ಟು ಕೋನದಲ್ಲಿ ನೋಡುತ್ತೀರೋ ಅದರ ಮೇಲೆ ಅದು ಆಕಾಶದ ನೀಲಿ ಬದಲಿಸುವುದರಿಂದ ಅಗಲದ ಫೋಟೋದಲ್ಲಿ ನಡುವೆ ಒಂದು ಕಪ್ಪು ಕಲೆ ಬಿದ್ದ ಹಾಗೆ ಕಾಣುತ್ತದೆ. ಉದ್ದಕ್ಕೆ ಹಿಡಿದ ಕ್ಯಾಮೆರಾ 18ರಲ್ಲಿ ಅಡ್ಡಕ್ಕೆ ನೋಡುವುದು ಸುಮಾರು 47 ಡಿಗ್ರಿ. ನಾನು 30 ಡಿಗ್ರಿಗೊಂದು ಟಕ್ ಇಟ್ಟೆ. ಅಂದರೆ ಒಂದು ಫೋಟೋದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮುಂದಿನದರಲ್ಲೂ ಇರುತ್ತದೆ. ಬಟ್ಟೆ ಹೊಲಿಯುವಾಗ ಅಂಚು ಬಿಡುವುದಿಲ್ಲವಾ, ಹಾಗೆ. ಇಡೀ ಸುತ್ತಿಗೆ ಹನ್ನೆರಡು ಫೋಟೋ ಬೇಕು, ನನಗೆ ಏಳು ಸಾಕಾಯಿತು. ಇನ್ನೊಂದು ಚಿಕ್ಕ ಅಭ್ಯಾಸ: ಶುರುವಿಗೆ ಮತ್ತು ಕೊನೆಗೆ ನನ್ನ ಕೈಯದ್ದೇ ಒಂದು ಫೋಟೋ. ಮನೆಯಲ್ಲಿ ಇನ್ನೂರು ಫೋಟೋ ನಡುವೆ ಯಾವ ಸಾಲು ಎಲ್ಲಿಂದ ಎಲ್ಲಿಗೆ ಅಂತ ತಲೆ ಕೆರೆಯುವುದು ತಪ್ಪುತ್ತದೆ.

ಈಗ ಹ್ಯೂಗಿನ್. ಇದರ ಬೇರು ಇರುವುದು ಹೆಲ್ಮುಟ್ ಡೆರ್ಶ್ ಎಂಬ ಜರ್ಮನಿಯ ಪ್ರೊಫೆಸರ್ 1998ರಲ್ಲಿ ಬರೆದ ಪನೋರಮಾ ಟೂಲ್ಸ್‌ನಲ್ಲಿ. ಆ ಲೆಕ್ಕಾಚಾರಕ್ಕೆ ಕಿಟಕಿ ಬಾಗಿಲು ಇಟ್ಟು ಪಾಬ್ಲೋ ಡಿ'ಆಂಜೆಲೊ 2003ರಲ್ಲಿ ಹ್ಯೂಗಿನ್ ಶುರು ಮಾಡಿದರು. ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಇದರ ಜೊತೆಯವು ಏನಾದವು ನೋಡಿ. ಆಟೋಪನೋ ಮಾಡುತ್ತಿದ್ದ ಕೋಲೋರ್ ಕಂಪನಿಯನ್ನು ಗೋಪ್ರೋ 2015ರಲ್ಲಿ ಕೊಂಡಿತು, 2018ರಲ್ಲಿ ಬಾಗಿಲು ಹಾಕಿತು. ಮೈಕ್ರೋಸಾಫ್ಟ್‌ನ ಐಸಿಇ ಕೂಡ ಪುಕ್ಕಟೆ ಇತ್ತು, ಸುಲಭವೂ ಇತ್ತು, ಅದನ್ನೂ ನಿಲ್ಲಿಸಿದರು. ಯಾರ ಸ್ವತ್ತೂ ಅಲ್ಲದ ಹ್ಯೂಗಿನ್ ಇನ್ನೂ ಬದುಕಿದೆ.

ಮುಖ ನೋಡಿ ಮದುವೆಯಾಗುವವರಿಗೆ ಇದು ಆಗಿಬರುವುದಿಲ್ಲ. ತೆರೆದ ಕೂಡಲೇ 2005ರ ಸೈಬರ್ ಕೆಫೆಯಲ್ಲಿ ಕೂತ ಹಾಗೆ. ಸಿಂಪಲ್ ಮೋಡಿನಲ್ಲಿ ಮೂರು ಬಟನ್: ಫೋಟೋ ಹಾಕು, ಜೋಡಿಸು, ಪನೋರಮಾ ಮಾಡು. ಎಂಡ್ ಪಾಯಿಂಟಿನ ಫೋಟೋಗಳಿಗೆ ಅಷ್ಟೇ ಸಾಕಾಯಿತು, ಒಂದು ಚಾ ಕುಡಿಯುವಷ್ಟರಲ್ಲಿ ಮುಗಿಯಿತು. ರಥಬೀದಿಗೆ ಒಳಗಿಳಿಯಬೇಕಾಯಿತು.

ಒಳಗೆ ಇರುವುದು ಕಂಟ್ರೋಲ್ ಪಾಯಿಂಟ್‌ಗಳ ಲೋಕ. ಅಕ್ಕಪಕ್ಕದ ಎರಡು ಫೋಟೋದಲ್ಲಿ ಒಂದೇ ವಸ್ತು ಎಲ್ಲೆಲ್ಲಿ ಇದೆ ಅಂತ ಗುರುತು ಹಾಕುವುದು. ನೂರಾರು ಗುರುತನ್ನು ಅದೇ ಹುಡುಕಿಕೊಳ್ಳುತ್ತದೆ. ಆದರೆ ಅದಕ್ಕೆ ಮಠದ ಕಿಟಕಿಯೂ ಒಂದೇ, ಹಾರುವ ಪಾರಿವಾಳವೂ ಒಂದೇ. ಎಫ್ 3 ಒತ್ತಿದರೆ ಎಲ್ಲ ಗುರುತುಗಳ ಪಟ್ಟಿ ಬರುತ್ತದೆ, ಯಾವುದು ಎಷ್ಟು ಪಿಕ್ಸೆಲ್ ತಪ್ಪಿದೆ ಅಂತ ಸಾಲಾಗಿ. ನನಗೆ ಮೇಲೆಯೇ 40, 50ರ ಗುರುತುಗಳು ಕಂಡವು. ಒಂದನ್ನು ತೆರೆದು ನೋಡಿದೆ, ಗುರುತು ಬಿದ್ದದ್ದು ಒಂದು ದನದ ಕಿವಿಯ ಮೇಲೆ. ನಾಲ್ಕನೇ ಫೋಟೋದಲ್ಲಿ ಕಿವಿ ಮುಂದೆ, ಐದನೆಯದರಲ್ಲಿ ಹಿಂದೆ. ಅಂಥವನ್ನೆಲ್ಲ ಅಳಿಸಿ ಮತ್ತೆ ಲೆಕ್ಕ ಹಾಕಿಸಿದಾಗ ಸರಾಸರಿ ತಪ್ಪು ಒಂದು ಪಿಕ್ಸೆಲ್‌ಗಿಂತ ಕೆಳಗೆ ಬಂತು. ಹೆಡ್ ಇಲ್ಲದೆ ತೆಗೆದ ಒಂಬತ್ತು ಫೋಟೋಗಳಲ್ಲಿ ಎಷ್ಟು ಗುದ್ದಾಡಿದರೂ 14ರಿಂದ ಕೆಳಗೆ ಇಳಿದಿರಲಿಲ್ಲ. ಹೆಡ್‌ಗೆ ಕೃಪಾಂಕ ಕೊಟ್ಟದ್ದು ಆ ರಾತ್ರಿಯೇ.

ದನದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದು ನಾನು ಕ್ಯಾಮೆರಾ ತಿರುಗಿಸಿದ ದಿಕ್ಕಿಗೇ ಮೆಲ್ಲ ನಡೆದುಕೊಂಡು ಬಂದಿತ್ತು. ಹೊಲಿದ ಫೋಟೋದಲ್ಲಿ ಅದಕ್ಕೆ ಆರು ಕಾಲು, ಎರಡು ಬಾಲ. ಇದಕ್ಕೆ ಹ್ಯೂಗಿನ್‌ನಲ್ಲಿ ಮಾಸ್ಕ್ ಇದೆ. ನಾಲ್ಕನೇ ಫೋಟೋದ ದನದ ಸುತ್ತ ಗೆರೆ ಎಳೆದು "ಇದು ಬೇಡ" ಅಂದರೆ ಆ ಜಾಗವನ್ನು ಐದನೇ ಫೋಟೋದಿಂದ ತುಂಬಿಸುತ್ತದೆ. ಎನ್‌ಬ್ಲೆಂಡ್ ಎಂಬುದು ಒಳಗೇ ಕೂತು ಹೊಲಿಗೆ ಕಾಣದ ಹಾಗೆ ಬಣ್ಣ ಬೆರೆಸುತ್ತದೆ. ನಿಜ ಹೇಳಬೇಕೆಂದರೆ ಗೋಡೆಯ ಸುಣ್ಣದ ಮೇಲೆ ಹೊಲಿಗೆ ಎಲ್ಲಿ ಹೋಗಿದೆ ಅಂತ ನನಗೇ ಇವತ್ತಿಗೂ ಗೊತ್ತಾಗುವುದಿಲ್ಲ.

ಆಮೇಲೆ ಬಗ್ಗುವ ಸಮಸ್ಯೆ. ಇಷ್ಟು ಅಗಲದ ನೋಟವನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಏನಾದರೂ ಒಂದು ಬಗ್ಗಲೇಬೇಕು. ಹಾಗೆ ಇಳಿಸುವ ಬಗೆಗೆ ಪ್ರೊಜೆಕ್ಷನ್ ಅನ್ನುತ್ತಾರೆ. ಸಿಲಿಂಡರ್ ಪ್ರೊಜೆಕ್ಷನ್‌ನಲ್ಲಿ ಕಂಬಗಳು ನೆಟ್ಟಗೆ, ಬೀದಿ ಮಾತ್ರ ಬಾಳೆಹಣ್ಣು. ರೆಕ್ಟಿಲೀನಿಯರ್ ಹಾಕಿದರೆ ಬೀದಿ ನೆಟ್ಟಗೆ, 120 ಡಿಗ್ರಿ ಹತ್ತಿರ ಬಂದಾಗ ಅಂಚಿನ ಕಟ್ಟಡಗಳು ಚ್ಯೂಯಿಂಗ್ ಗಮ್ಮಿನ ಹಾಗೆ ಎಳೆದುಕೊಳ್ಳುತ್ತವೆ. ಪಟ್ಟಿಯಲ್ಲಿ ಪಾನಿನಿ ಅಂತ ಒಂದು ಕಂಡಿತು. ನಾನು ವ್ಯಾಕರಣದ ಪಾಣಿನಿ ಅಂದುಕೊಂಡು ಖುಷಿಪಟ್ಟೆ. ಅಲ್ಲವಂತೆ, ರೋಮ್ ನಗರದ ನೋಟಗಳನ್ನು ಬಿಡಿಸುತ್ತಿದ್ದ 18ನೇ ಶತಮಾನದ ಇಟಲಿಯ ಚಿತ್ರಕಾರನ ಹೆಸರು. ಯಾರದ್ದೇ ಇರಲಿ, ಬೀದಿಗೆ ಇದರಷ್ಟು ಚಂದ ಹೊಂದುವುದು ಬೇರೆ ಇಲ್ಲ. ಕಂಬ ನೆಟ್ಟಗೆ, ದೂರಕ್ಕೆ ಓಡುವ ಗೆರೆಗಳೂ ನೆಟ್ಟಗೆ, ಬಗ್ಗುವುದು ಅಡ್ಡ ಗೆರೆಗಳು ಮಾತ್ರ. ಈ ಒಂದಕ್ಕೇ ಹ್ಯೂಗಿನ್‌ಗೆ ನಾನು ಅರ್ಧ ಅಂಕ ಜಾಸ್ತಿ ಕೊಟ್ಟಿದ್ದೇನೆ. ಒಂದೆರಡು ಕಂಬ ವಾಲಿದ್ದರೆ ಅದೇ ಫೋಟೋವನ್ನು ಎರಡೂ ಬದಿಗೆ ತೆರೆದು, ಕಂಬದ ತುದಿಗೊಂದು ಬುಡಕ್ಕೊಂದು ಗುರುತು ಹಾಕಿ, ಇದು ಲಂಬ ಅಂತ ಹೇಳಿಕೊಡಬಹುದು. ಗಾರೆಯವನ ತೂಗುಗುಂಡಿನ ಕೆಲಸ.

ಸಮುದ್ರ ಬೇರೆಯೇ ತಲೆನೋವು. ಮಲ್ಪೆಯಲ್ಲಿ ಪಶ್ಚಿಮಕ್ಕೆ ನಿಂತು ತೆಗೆದರೆ ನಾಲ್ಕು ಫೋಟೋದಲ್ಲಿ ನೀರು ಮತ್ತು ಆಕಾಶ ಬಿಟ್ಟರೆ ಏನೂ ಇರುವುದಿಲ್ಲ. ಅಲೆ ಒಂದು ಕ್ಷಣದಲ್ಲಿ ಇದ್ದದ್ದು ಮುಂದಿನ ಕ್ಷಣಕ್ಕೆ ಇಲ್ಲ, ಅದರ ಮೇಲೆ ಬಿದ್ದ ಗುರುತೆಲ್ಲ ಸುಳ್ಳು. ಮೋಡಕ್ಕೆ ಬಿದ್ದವನ್ನು ತೆಗೆಯಲು ಸೆಲೆಸ್ಟ್ ಅಂತ ಒಂದು ಬಟನ್ ಇದೆ, ಅಲೆಗಳದ್ದನ್ನು ಕೈಯಲ್ಲೇ ಅಳಿಸಬೇಕು. ಅಳಿಸಿದ ಮೇಲೆ ಉಳಿಯುವುದು ಸೊನ್ನೆ. ಅಲ್ಲಿ ಹೆಡ್ಡಿನ ಟಕ್ ಟಕ್ ಉಪಯೋಗಕ್ಕೆ ಬಂತು. ಪ್ರತಿ ಫೋಟೋಗೂ ಯಾ (yaw, ಅಂದರೆ ಕ್ಯಾಮೆರಾ ಪಕ್ಕಕ್ಕೆ ಎಷ್ಟು ಡಿಗ್ರಿ ತಿರುಗಿದೆ) ಎಂಬ ಖಾನೆಯಲ್ಲಿ 0, 30, 60, 90 ಅಂತ ನಾನೇ ಬರೆದುಬಿಟ್ಟೆ. ಗುರುತು ಇಲ್ಲದಿದ್ದರೂ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತವು. ದಿಗಂತದ ಗೆರೆ ನೂಲು ಹಿಡಿದ ಹಾಗೆ ಬಂತು. ಟ್ರೈಪಾಡನ್ನು ಮರಳಿನಲ್ಲಿ ಲೆವೆಲ್ ಮಾಡಿರಬೇಕು, ಅಲೆ ಬಂದು ಕಾಲು ಹೂತರೆ ನಮಸ್ಕಾರ.

ಕಾಪು ದೀಪಸ್ತಂಭದಲ್ಲಿ ಮಾತ್ರ ಹೆಡ್ ಕೈಕೊಟ್ಟಿತು. 1901ರ ದೀಪಸ್ತಂಭ ಅದು, ಬಂಡೆಯ ಮೇಲೆ. ಮೇಲಿನ ಸುತ್ತುಕಟ್ಟೆ ಇಕ್ಕಟ್ಟು, ಜನ ಬೇರೆ, ಟ್ರೈಪಾಡ್ ಬಿಡಿಸಲು ಜಾಗವೇ ಇಲ್ಲ. ಕಂಬಿ ಚೌಕಟ್ಟಿನೊಳಗೆ ಬಾರದ ಹಾಗೆ ಕ್ಯಾಮೆರಾವನ್ನು ಅದರ ಮೇಲಿನಿಂದ ಹಿಡಿದು, ಪಟ್ಟಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ತೆಗೆದೆ. ಬರೀ ದೂರದ್ದೇ ಇದ್ದದ್ದರಿಂದ ಸಿಂಪಲ್ ಮೋಡಿನಲ್ಲೇ ಹೊಲಿದುಕೊಂಡಿತು.

ಹಾಗಾದರೆ ಹೆಡ್ ತೆಗೆದುಕೊಳ್ಳಬೇಕಾ? ಮೊದಲು ಹೀಗೆ ಮಾಡಿ ನೋಡಿ. ಲೆನ್ಸಿನಲ್ಲಿ ಆ ಕಣ್ಣು ಇರುವ ಜಾಗಕ್ಕೆ ಒಂದು ದಾರ ಕಟ್ಟಿ, ದಾರದ ತುದಿಗೆ ಒಂದು ಬೀಗ ತೂಗು ಹಾಕಿ. ನೆಲದಲ್ಲಿ ಒಂದು ನಾಣ್ಯ ಇಡಿ. ತಿರುಗುವಾಗ ಬೀಗ ಯಾವಾಗಲೂ ನಾಣ್ಯದ ಮೇಲೆಯೇ ಇರಲಿ, ಅಂದರೆ ನೀವು ಕ್ಯಾಮೆರಾದ ಸುತ್ತ ತಿರುಗಬೇಕು, ಕ್ಯಾಮೆರಾ ನಿಮ್ಮ ಸುತ್ತ ಅಲ್ಲ. ಖರ್ಚು ಸೊನ್ನೆ. ನಾನು ಮನೆಯ ಅಂಗಳದಲ್ಲಿ ಹೀಗೆ ತೆಗೆದದ್ದು ಹ್ಯೂಗಿನ್‌ನಲ್ಲಿ ಮೂರು ಪಿಕ್ಸೆಲ್ ತಪ್ಪಿಗೆ ಬಂತು. ಫ್ರೇಮ್ ಹಾಕಿಸುವಷ್ಟಕ್ಕೆ ಸಾಕು. ದೇವಸ್ಥಾನದ ಪೌಳಿ, ಹಳೇ ಮನೆಯ ಚಾವಡಿ, ರಥಬೀದಿ ಇಂಥದ್ದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸುವ ಆಸೆ ಇದ್ದರೆ ಮಾತ್ರ ಹೆಡ್. ಕೊಳ್ಳುವುದಾದರೆ ನನ್ನ ಹಾಗೆ ಹೆಸರಿಲ್ಲದ್ದನ್ನು ಕೊಳ್ಳಬೇಡಿ, ಸ್ಕ್ರೂ ಹಿಡಿದು ಅಲ್ಲಾಡಿಸಿ ನೋಡಲು ಸಿಗುವ ಕಡೆ ಕೊಳ್ಳಿ. ಸಾಫ್ಟ್‌ವೇರ್‌ಗೂ ದುಡ್ಡು ಕೊಡಲು ಸಿದ್ಧ ಇದ್ದವರಿಗೆ ಹ್ಯೂಗಿನ್ ಬದಲು ಪಿಟಿಗುಯಿ ಇದೆ, ವೇಗ ಜಾಸ್ತಿ, ಮುಖವೂ ಚಂದ. ಲೈಟ್‌ರೂಮ್ ಈಗಾಗಲೇ ಇದ್ದವರು ಅದರಲ್ಲೇ ಮೊದಲು ಹೊಲಿದು ನೋಡಿ.

ಗೋಡೆಯ ಲೆಕ್ಕ ಕೊನೆಗೆ ಹೀಗೆ ಆಯಿತು. ಹತ್ತು ಅಡಿ ಅಂದರೆ 120 ಇಂಚು, ಇಂಚಿಗೆ 120 ಚುಕ್ಕಿ ಅಂದರೆ 14,400 ಪಿಕ್ಸೆಲ್ ಬೇಕು. ನನ್ನದು ಕತ್ತರಿಸಿದ ಮೇಲೆ ಸುಮಾರು 155 ಡಿಗ್ರಿ, ಅಗಲ 14,800. ಟಿಫ್ ಫೈಲ್ ಉಳಿಸಲು ನನ್ನ ಹಳೇ ಲ್ಯಾಪ್‌ಟಾಪ್ ಇಪ್ಪತ್ತು ನಿಮಿಷ ಗುಯ್ ಅಂದಿತು. ಪ್ರಿಂಟಿನವರು "ಇಷ್ಟು ದೊಡ್ಡ ಫೈಲ್ ಯಾಕೆ, ವಾಟ್ಸಾಪ್ ಮಾಡಿದ್ರೆ ಸಾಕಿತ್ತು" ಅಂದರು. ನಾನು ಏನೂ ಹೇಳದೆ ಪೆನ್‌ಡ್ರೈವ್ ಕೊಟ್ಟೆ.

ಈಗ ಫೋಟೋ ಗೋಡೆಯಲ್ಲಿದೆ. ಬಂದವರು ಮೊದಲು ತಮಗೆ ಗೊತ್ತಿರುವ ಅಂಗಡಿ ಹುಡುಕುತ್ತಾರೆ, ಆಮೇಲೆ ಕಾಫಿ ಹೇಳುತ್ತಾರೆ. ತೂಗು ಹಾಕಿದ ದಿನವೇ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ನಾಲ್ಕನೇ ಫೋಟೋದ ದನಕ್ಕೆ ಮಾಸ್ಕ್ ಎಳೆದೆನಲ್ಲ, ದನಕ್ಕೆ ಮಾತ್ರ ಎಳೆದಿದ್ದೆ. ಏಳು ಗಂಟೆಯ ಬಿಸಿಲಿಗೆ ಬಿದ್ದ ಅದರ ಉದ್ದ ನೆರಳು ಹಾಗೇ ಉಳಿದಿದೆ. ಐದನೇ ಟೇಬಲಿನ ನೇರ ಮೇಲೆ, ಯಾರದ್ದೂ ಅಲ್ಲದ ನಾಲ್ಕು ಕಾಲಿನ ನೆರಳು. ಗೆಳೆಯನಿಗೆ ಹೇಳಿಲ್ಲ. ನಾನು ಹೋದಾಗೆಲ್ಲ ಆ ಟೇಬಲಿಗೇ ಹೋಗಿ ಗೋಡೆಗೆ ಬೆನ್ನು ಹಾಕಿ ಕೂತುಕೊಳ್ಳುತ್ತೇನೆ.